ಮಣ್ಣು ಉದುರದ ದಿನ

ಬಾಯಿ ಮುಚ್ಚಿಕೊಂಡು ಕೇಳುವುದಿದ್ದರೆ ಕೇಳಿ, ಇಲ್ಲವೆಂದರೆ ಎದ್ದು ಹೋಗಿ. ಕಚೇರಿಯ ಹಳೆಯ ಕಾಗದ ನೋಡಿ ಬಂದವರೆಲ್ಲ ಹೇಳುತ್ತಾರೆ, ಆ ವರ್ಷ ಕರಲವಾಡಿಯಲ್ಲಿ ಬಿದ್ದದ್ದು ‘ಅಲ್ಪ ಪ್ರಮಾಣದ ಆಲಿಕಲ್ಲು’ ಎಂದು. ಈ ಮುದುಕನ ನೆನಪು ಕೆಟ್ಟಿದೆ, ಗುಡ್ಡದಷ್ಟು ಬಿತ್ತು ಅನ್ನುತ್ತಾನೆ ಎಂದು ನಗುತ್ತಾರೆ. ಗುಡ್ಡದಷ್ಟು ಎಂದು ಹೇಳಿದವರು ಯಾರು? ನಾಲ್ಕು ಬೆರಳು ದಪ್ಪ ಬಿತ್ತು. ನಾಲ್ಕೇ ಬೆರಳು. ಸಿಟ್ಟು ಬರುವುದೇ ಅದಕ್ಕೆ. ಗುಡ್ಡದಷ್ಟು ಬಿದ್ದಿದ್ದರೆ ಸಾಹೇಬನೂ ಹೆದರುತ್ತಿದ್ದ, ಪರೀಕ್ಷೆಯೂ ನಿಲ್ಲುತ್ತಿತ್ತು, ಗುರುದೇವಿಯೂ ಕೈಕಾಲು ಗಟ್ಟಿ ಇರುವತನಕ ಸಾಲಿಯ ಅಂಗಳ ಗುಡಿಸಿಕೊಂಡು ಇರುತ್ತಿದ್ದಳು.

ಆ ಮುಂಜಾನೆ ಗುರುದೇವಿ ಕಸಬರಿಗೆ ಹಿಡಿದು ಹೆಣ್ಣುಮಕ್ಕಳ ಸಾಲಿಯ ಒಳಗೆ ನಿಂತಿದ್ದಳು. ಗುಡಿಸಲು ಏನೂ ಇರಲಿಲ್ಲ.

ಹನ್ನೆರಡು ವರ್ಷ ದಿನಾ ಅದೇ ಬಾಗಿಲು ತೆಗೆದವಳು ಆಕೆ. ಒಳಗೆ ಬಂದರೆ ನೆಲದ ಮೇಲೆ ಸಣ್ಣ ಮಣ್ಣಿನ ಗೆರೆಗಳು ಕಾದು ಕುಳಿತಿರುತ್ತಿದ್ದವು. ಮೇಲೆ ಮಣ್ಣಿನ ಮಾಳಿಗೆ. ಕಟ್ಟಿಗೆಯ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಡ್ಡಿ ಹಾಸಿ ಮೊಳದಷ್ಟು ದಪ್ಪ ಮಣ್ಣು. ಎಲ್ಲಕ್ಕೂ ಮೇಲೆ ಹಳ್ಳದ ದಂಡೆಯಿಂದ ತಂದ ಕರಲು, ಅಂದರೆ ನಾಲಿಗೆಗೆ ಉಪ್ಪುಪ್ಪು ಹತ್ತುವ ಬೂದು ಮಣ್ಣು. ಅದನ್ನು ತುಳಿದು ಹದ ಮಾಡಿದರೆ ಮಳೆ ನೀರು ಒಳಗೆ ಇಳಿಯದೆ ಜಾರಿ ಹೋಗುತ್ತದೆ. ಅಂಥ ಮಾಳಿಗೆ ಎಷ್ಟೇ ಚೆನ್ನಾಗಿದ್ದರೂ ಜಂತಿಯ ಸಂದಿಯಿಂದ ರಾತ್ರಿಯೆಲ್ಲ ಒಣ ಮಣ್ಣು ಚೂರು ಚೂರೇ ಉದುರುತ್ತದೆ. ಜಂತಿಗೊಂದು ಗೆರೆ. ಗುರುದೇವಿ ಆ ಗೆರೆಗಳನ್ನು ಗುಡಿಸಿ, ಮೊರದಲ್ಲಿ ತುಂಬಿ, ವಾರಕ್ಕೊಮ್ಮೆ ಮತ್ತೆ ಮೇಲೆ ಒಯ್ದು ಸುರಿಯುತ್ತಿದ್ದಳು. ಆಕೆಯ ಗಂಡ ಊರಿನ ಮಾಳಿಗೆಗಳಿಗೆ ಮಣ್ಣು ಹಾಕುವವನಾಗಿದ್ದ. ಅವನು ವಾಂತಿಭೇದಿಯಲ್ಲಿ ಹೋದ ಮೇಲೆ ಪ್ರತಿ ವರ್ಷ ಕಾರಹುಣ್ಣಿಮೆಗೆ ಸಾಲಿಯ ಮಾಳಿಗೆಗೆ ಕರಲು ಹೊತ್ತು ಹಾಕಿ ತುಳಿಯುವವಳು ಆಕೆಯೇ.

ಆ ದಿನ ನೆಲ ತೊಳೆದಿಟ್ಟ ಪರಾತದಂತೆ ಚೊಕ್ಕವಾಗಿತ್ತು. ಗುರುದೇವಿ ಬಾಗಿ ಅಂಗೈಯಿಂದ ನೆಲ ಸವರಿ ನೋಡಿದಳು. ಒಂದು ಚಿಟಿಕೆ ಮಣ್ಣು ಸಿಗಲಿಲ್ಲ. ಕತ್ತೆತ್ತಿ ಜಂತಿಗಳನ್ನು ನೋಡಿದಳು. ಅವು ಕಪ್ಪಾಗಿದ್ದವು. 

ಹಿಂದಿನ ದಿನ ಸಂಜೆ ಬಿದ್ದಿತ್ತು ಆಣೆಕಲ್ಲು. ಹೋಳಿ ಹುಣ್ಣಿಮೆ ಮುಗಿದು ವಾರವಾಗಿತ್ತು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಐದನೆಯ ವರ್ಷ. ಮಧ್ಯಾಹ್ನ ಸೆಕೆಗೆ ಅಂಗಿ ಬಿಚ್ಚಿ ಕುಳಿತಿದ್ದ ಜನ ಸಂಜೆಗೆ ಕೌದಿ ಹುಡುಕಿದರು. ಅರ್ಧ ತಾಸು ಸುರಿಯಿತು, ಅಷ್ಟೇ. ಆಮೇಲೆ ರಾತ್ರಿಯೆಲ್ಲ ಕೊರೆಯುವ ಗಾಳಿ. ಬೆಳಗಾಗುವುದರೊಳಗೆ ಹರಳು ಹರಳಾಗಿದ್ದ ಕಲ್ಲೆಲ್ಲ ಒಂದಕ್ಕೊಂದು ಅಂಟಿ, ಮಾಳಿಗೆಗಳ ಮೇಲೆ ಅಂಚಿನ ಕುಂಬಿಯಿಂದ ಕುಂಬಿಗೆ ಬಿಳಿ ಚಾದರ ಹಾಸಿದಂತೆ ಕುಳಿತಿತ್ತು. ಊರು ಮುಚ್ಚಿತ್ತು. ಎತ್ತುಗಳನ್ನು ಹೊರಗೆ ಬಿಡಲಿಲ್ಲ. ಅಂಗಡಿ ತೆರೆಯಲಿಲ್ಲ. ಶಹಾಬಾದಿ ಹಾಸುಗಲ್ಲಿನ ಓಣಿಯಲ್ಲಿ ಬರಿಗಾಲು ಇಟ್ಟರೆ ಮೊದಲು ಉರಿಯುತ್ತಿತ್ತು, ಆಮೇಲೆ ಜಾರುತ್ತಿತ್ತು. ಆ ದಿನ ಊರಿನಲ್ಲಿ ಇದ್ದ ಬೂಟು ಎರಡೇ ಜೊತೆ. ಒಂದು ಪೊಲೀಸ್ ಪಾಟೀಲನದು, ಇನ್ನೊಂದು ಪರೀಕ್ಷೆ ನಡೆಸಲು ಬಂದು ಪಾಟೀಲನ ಮನೆಯಲ್ಲಿ ಇಳಿದುಕೊಂಡಿದ್ದ ಸಾಹೇಬನದು.

ಗುರುದೇವಿ ಬೆಳಕು ಹರಿಯುವ ಮೊದಲೇ ಏಣಿ ಹತ್ತಿ ನೋಡಿ ಬಂದಿದ್ದಳು. ಮಾಳಿಗೆಯ ನೀರು ಹೊರಗೆ ಬೀಳುವ ಕಲ್ಲಿನ ದೋಣಿಗಳು ನಾಲ್ಕು. ನಾಲ್ಕರ ಬಾಯಿಯೂ ಗಡ್ಡೆ ಕಟ್ಟಿತ್ತು. ಒಂದನ್ನು ಸಲಾಕೆಯಿಂದ ಬಿಡಿಸುವಷ್ಟರಲ್ಲಿ ಬೆರಳು ಸೆಟೆದು ಮಡಚಲು ಬಾರದಂತಾಯಿತು. ಈಗ ಅದೇ ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಗ ಹೆಡ್ ಮಾಸ್ತರ ಬಸವಂತರಾಯ ಗೋಡೆ ಹಿಡಿದು ಹಿಡಿದು ಬಂದ.

“ಮಾಸ್ತರ್ರಿ, ಇವತ್ತ ಮಣ್ಣು ಉದುರಿಲ್ಲ.”

“ಛಲೋ ಆತಲ್ಲ. ನಿನಗ ಗುಡಿಸೋದು ತಪ್ಪಿತು. ಜಲ್ದಿ ಚಾಪಿ ಹಾಸು, ಸಾಹೇಬರು ಬರೋ ಹೊತ್ತಾತು.”

“ಛಲೋ ಅಲ್ರಿ. ಮಾಳಗಿ ನೀರು ಕುಡದದ. ಒಣ ಮಣ್ಣು ಉದುರ್ತದ, ಹಸಿ ಮಣ್ಣು ಉದುರಂಗಿಲ್ಲ. ಉದುರೋದು ನಿಂತ್ರ ಆಮ್ಯಾಗ ಒಮ್ಮಿಗೇ ಬರ್ತದ.”

ಬಸವಂತರಾಯ ಟೊಪ್ಪಿಗೆ ಸರಿಮಾಡಿಕೊಂಡು ಮೇಲೆ ನೋಡಿದ. “ಮಳಿಗಾಲದಾಗ ನಾಕ್ ನಾಕ್ ದಿನ ಹೊಡದ್ರೂ ಏನೂ ಆಗಿಲ್ಲಲ್ಲ?”

“ಮಳಿ ನಿಂದ್ರಂಗಿಲ್ರಿ, ಹರದು ಹೋಗ್ತದ. ಇದು ಕುಂತದ. ಕೂಸಿಗಿ ಹಾಲು ಕುಡಿಸಿದಂಗ ರಾತ್ರಿ ಎಲ್ಲಾ ಹನಿ ಹನಿ ಕುಡಿಸ್ಯದ. ಮತ್ತ ಕರಲು ಹಾಕಿ ಒಂಬತ್ತು ತಿಂಗಳಾತು, ಬಿಸಲಿಗಿ ಬಿರುಕು ಬಿಟ್ಟದ. ಹೊಸಾದು ಬೀಳೋದು ಕಾರಹುಣ್ಣಿಮಿಗಿ. ಹೋಳಿಹುಣ್ಣಿಮಿಗಿ ಬರ್ಫು ಬೀಳ್ತದಂತ ಯಾರು ಕರಲು ಹಾಕಿಟ್ಟಿರ್ತಾರ್ರಿ?”

“ಈಗ ಏನ್ ಮಾಡಬೇಕಂತಿ?”

“ಇವತ್ತೊಂದು ದಿನ ಕೊಡ್ರಿ. ಗಡ್ಡಿ ಗಡ್ಡಿ ಇದ್ದಾಗೇ ಹಲಗಿ ಹಚ್ಚಿ ಹೊರಗ ದೂಡ್ತೀನಿ. ನಾ ಒಬ್ಬಾಕಿನೇ, ಗ್ವಾಡಿ ಮ್ಯಾಗ ಕಾಲಿಟ್ಟು. ಮಂದಿ ಹತ್ತಿದ್ರ ಭಾರಕ್ಕೇ ಬರ್ತದ. ನಾಳಿ ಒಂದು ದಿನ ಬಿಸಲು ಬಿದ್ರ ಜಂತಿ ತಡದ್ರೂ ತಡೀಬಹುದು.”

ಬಸವಂತರಾಯ ಬಾಯಿ ತೆರೆದ. ಅಷ್ಟರಲ್ಲಿ ಬೂಟಿನ ಸಪ್ಪಳ ಕೇಳಿಸಿತು. ತೆರೆದ ಬಾಯಿ ಮುಚ್ಚಿಕೊಂಡು ಕೈ ಜೋಡಿಸಿದ.

ಸಾಹೇಬ ಕೊಳ್ಳೇಗಾಲದ ಕಡೆಯವನು. ಮದ್ರಾಸಿನ ಕಡೆಯಿಂದ ಇತ್ತ ಕಳುಹಿಸಿದ್ದ ಅಧಿಕಾರಿಗಳಲ್ಲಿ ಒಬ್ಬ. ಯುದ್ಧದ ಕಾಲಕ್ಕೆ ಆರು ವರ್ಷ ಸಿಮ್ಲಾದಲ್ಲಿ ನೌಕರಿ ಮಾಡಿದ್ದನಂತೆ. ಆ ಕಾಲದ ಉಣ್ಣೆಯ ಕೋಟು ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದದ್ದು ಆ ದಿನ ಹೊರಗೆ ಬಂದಿತ್ತು. ಅವನ ಹಿಂದೆ ಚಿತ್ತಾಪುರದ ಚಪ್ರಾಸಿ ಜಿಲಾನಿ, ಅರಗಿನ ಮುದ್ರೆ ಹಾಕಿದ ಪ್ರಶ್ನೆಪತ್ರಿಕೆಯ ಕಟ್ಟು ಎದೆಗೆ ಅವುಚಿಕೊಂಡು, ತೆಳ್ಳನೆಯ ಖಾಕಿ ಅಂಗಿಯಲ್ಲಿ ಹಲ್ಲು ಕಟಕಟ ಎನ್ನಿಸುತ್ತ ಬರುತ್ತಿದ್ದ.

“ಏನ್ರೀ ಹೆಡ್ ಮಾಸ್ಟರೇ, ಊರಲ್ಲಿ ಯಾರಾದ್ರೂ ಸತ್ತಿದ್ದಾರಾ? ಒಂದು ಅಂಗಡಿ ತೆಗೆದಿಲ್ಲ, ಒಂದು ಗಾಡಿ ಓಡಾಡ್ತಿಲ್ಲ!”

“ಆಣಿಕಲ್ಲು ಬಿದ್ದದಲ್ರಿ ಸಾಹೇಬ್ರ...”

“ಇದಕ್ಕಾ?” ಸಾಹೇಬ ಬೂಟಿನ ತುದಿಯಿಂದ ಒಂದು ಗಡ್ಡೆ ಒದ್ದ. “ಸೊಂಟದುದ್ದ ಹಿಮದಲ್ಲಿ ಆಫೀಸಿಗೆ ಹೋಗಿದ್ದೀನಿ ಕಣ್ರೀ ನಾನು. ಆರು ವರ್ಷದಲ್ಲಿ ಒಂದು ದಿನ ರಜ ಹಾಕಿಲ್ಲ. ನಿಮ್ಮಲ್ಲಿ ನಾಲ್ಕು ಕಲ್ಲು ಬಿದ್ರೆ ಊರಿಗೆ ಊರೇ ಮುಸುಕು ಹಾಕ್ಕೊಂಡು ಮಲಗುತ್ತೆ. ಸೋಮಾರಿಗಳು.”

ಬಸವಂತರಾಯ ಹಲ್ಲು ಕಿರಿದ. ಹಲ್ಲು ಕಿರಿಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ನಿಜಾಮನ ಕಾಲದ ಸಾಹೇಬರಿಗೂ ಕಿರಿದಿದ್ದ. ಗುರುದೇವಿ ಕಾಯ್ದಳು, ಮಾಸ್ತರ ಹೇಳುತ್ತಾನೆ ಎಂದು. ಹೇಳಲಿಲ್ಲ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ತಾನೇ ಹೇಳಿದಳು. ಮಣ್ಣು ಉದುರಿಲ್ಲ ಎಂದು.

ಸಾಹೇಬ ಒಳಗೆ ಇಣುಕಿ ನೋಡಿ ಜೋರಾಗಿ ನಕ್ಕ. “ಕೇಳಿದ್ರೇನ್ರೀ? ನೆಲ ಚೊಕ್ಕವಾಗಿದೆಯಂತೆ, ಅದಕ್ಕೆ ಪರೀಕ್ಷೆ ನಿಲ್ಲಿಸಬೇಕಂತೆ!”

“ನಗಬ್ಯಾಡ್ರಿ ಸಾಹೇಬ್ರ. ಒಂದು ಮಾತು ಕೇಳ್ತೀನಿ. ನಿಮ್ಮ ಸಿಮ್ಲಾದಾಗ ಮನಿ ಮ್ಯಾಗ ಸಪಾಟ ಇರ್ತದೋ, ಇಳಕಲ ಇರ್ತದೋ?”

ಸಾಹೇಬನ ನಗು ಅರ್ಧಕ್ಕೆ ನಿಂತಿತು. “ಇಳಿಜಾರಾಗಿರುತ್ತೆ. ತಗಡು ಹೊದಿಸಿರ್ತಾರೆ. ಯಾಕೆ?”

“ಬರ್ಫು ಜಾರಿ ಬೀಳ್ಲಿ ಅಂತ ಇಳಕಲ ಮಾಡ್ಯಾರ. ನಮ್ಮ ಮಂದಿ ಬ್ಯಾಸಿಗ್ಯಾಗ ಮ್ಯಾಗ ಮಲಗಲಿಕ್ಕ ಸಪಾಟ ಮಾಡ್ಯಾರ. ಅವರಿಗಿ ತಮ್ಮ ಊರಿನ ಆಕಾಶ ಗೊತ್ತದ, ನಮಗ ನಮ್ಮದು ಗೊತ್ತದ. ಇದರಾಗ ಸೋಮಾರಿತನ ಎಲ್ಲಿ ಬಂತ್ರಿ?”

ಕಸ ಗುಡಿಸುವ ಹೆಂಗಸು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟೆನಲ್ಲ ಎಂಬುದು ಸಾಹೇಬನಿಗೆ ಆಗ ಹೊಳೆಯಿತು. ಅವನ ಕಿವಿ ಕೆಂಪಾದವು. ಅಲ್ಲಿಂದ ಮುಂದಕ್ಕೆ ಅವನು ಗುರುದೇವಿಯ ಮುಖ ನೋಡಿ ಮಾತಾಡಲೇ ಇಲ್ಲ, ಆಡಿದ್ದೆಲ್ಲ ಬಸವಂತರಾಯನಿಗೆ.

ಸಾಹೇಬನ ಅವಸರದಲ್ಲಿಯೂ ಒಂದು ನಿಜ ಇತ್ತು, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಪ್ರಶ್ನೆಪತ್ರಿಕೆಯ ಆ ಕಟ್ಟನ್ನು ಆ ದಿನ ಹತ್ತಕ್ಕೆ ಬಿಚ್ಚಬೇಕು. ಎಲ್ಲ ಕಡೆಯೂ ಹತ್ತಕ್ಕೇ ಬಿಚ್ಚುತ್ತಾರೆ. ನಾಳೆ ಬಿಚ್ಚಿದರೆ ಪರೀಕ್ಷೆಯೇ ರದ್ದು. ಹನ್ನೊಂದು ಹುಡುಗಿಯರು ಏಳನೆಯ ಇಯತ್ತೆಗೆ ಕುಳಿತಿದ್ದರು. ಆ ಊರಿನಿಂದ ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಿದ್ದ ಹೆಣ್ಣುಮಕ್ಕಳ ಮೊದಲ ತಂಡ ಅದು. ಒಂದು ವರ್ಷ ತಪ್ಪಿತೆಂದರೆ ಅವರು ಮತ್ತೆ ಬರುವವರಲ್ಲ. ಮುಂದಿನ ಹೋಳಿಗೆ ಹನ್ನೊಂದರಲ್ಲಿ ಎಂಟು ಜನ ಗಂಡನ ಮನೆಯಲ್ಲಿ ಇರುತ್ತಿದ್ದರು. ಗುರುದೇವಿಗೂ ಅದು ಗೊತ್ತಿತ್ತು. ಮನೆ ಮನೆಗೆ ಹೋಗಿ ಆ ಹುಡುಗಿಯರನ್ನು ಸಾಲಿಗೆ ಕರೆತಂದು, ಸಂಜೆ ಮತ್ತೆ ಮನೆಗೆ ಮುಟ್ಟಿಸುವುದು ಆಕೆಯದೇ ಕೆಲಸ.

“ಹಂಗಾದ್ರ ಹುಣಸಿ ಗಿಡದ ಬುಡಕ ಕುಂದ್ರಸ್ರಿ,” ಎಂದಳು. “ಗೋಣಿ ತಟ್ಟು ಹಾಸ್ತೀನಿ. ಹತ್ತಕ್ಕೇ ಬರೀಲಿ.”

“ಹೆಡ್ ಮಾಸ್ಟರೇ, ಪರೀಕ್ಷೆ ಅಂದ್ರೆ ನಾಲ್ಕು ಗೋಡೆ ಒಳಗೆ ನಡೀಬೇಕು ಅಂತ ರೂಲಿದೆ. ಮರದ ಕೆಳಗೆ ನಡೆಯೋದು ಸಂತೆ. ಹುಡುಗೀರ್ನ ಕರೀರಿ.”

ಹುಡುಗಿಯರು ಆಗಲೇ ಅಂಗಳದಲ್ಲಿ ಇದ್ದರು. ಅಜ್ಜಿಯರ ಶಾಲು, ಅಪ್ಪಂದಿರ ಧೋತರ, ಏನು ಸಿಕ್ಕಿತೋ ಅದನ್ನು ಹೊದ್ದು, ಮಸಿ ಕುಡಿಕೆ ಕೈಯಲ್ಲಿ ಹಿಡಿದು ಒಂದು ಕಾಲು ಎತ್ತಿ ಒಂದು ಕಾಲು ಊರಿ ನಿಂತಿದ್ದರು. ವಿಮಲಾಬಾಯಿ ಎಂಬ ಹುಡುಗಿಯ ತಾಯಿ ಮಹಾದೇವಮ್ಮ ಜೊತೆಗೆ ಬಂದಿದ್ದಳು. ಆಕೆ ಸಾಹೇಬನನ್ನೂ ನೋಡಲಿಲ್ಲ, ಮಾಸ್ತರನನ್ನೂ ನೋಡಲಿಲ್ಲ.

“ಗುರುದೇವಿ, ನಿನ್ನ ಕೈಯಾಗ ಕೊಟ್ಟು ಕಳಿಸ್ಲಿಕತ್ತೀವಿ ನಾವು. ನೀ ಒಳಗ ಹೋಗಂದ್ರ ನನ್ನ ಮಗಳು ಹೋಗ್ತಾಳ. ಹೇಳು.”

ಗುರುದೇವಿ ತಿರುಗಿ ಎರಡೂ ಕದ ಎಳೆದಳು. ಚಿಲಕ ಹಾಕಿ, ಅಂಗೈಯಗಲದ ಅಲಿಗಢದ ಕೀಲಿ ಜಡಿದು, ಕೀಲಿಕೈಯನ್ನು ಎಲೆ ಅಡಕೆಯ ಸಂಚಿಯಲ್ಲಿ ತುರುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.  

“ಏನ್ರೀ ಇದು!” ಸಾಹೇಬ ಕೂಗಿದ.

“ಗುರುದೇವಿ, ಕೀಲಿಕೈ ಕೊಡವಾ,” ಬಸವಂತರಾಯ ಕೈ ಚಾಚಿದ. “ನನ್ನ ಮಾರಿ ನೋಡಿ ಕೊಡು. ಹನ್ನೆರಡು ವರ್ಷ ನಿನಗ ಒಂದು ಮಾತು ಅಂದಿಲ್ಲ ನಾ.”

“ಅಂದಿಲ್ರಿ. ಇವತ್ತ ಸಾಹೇಬರಿಗಿ ಒಂದು ಮಾತು ಅನ್ರಿ, ಕೊಡ್ತೀನಿ.”

ಮಾಸ್ತರನ ಚಾಚಿದ ಕೈ ಹಾಗೆಯೇ ಕೆಳಗಿಳಿಯಿತು.

ಆಗ ಸಾಹೇಬನಿಗೆ ಉಪ್ಪು ನೆನಪಾಯಿತು. ಸಿಮ್ಲಾದಲ್ಲಿ ಅವನ ಆಫೀಸಿನ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾದರೆ ಒಬ್ಬ ಬಿಳಿಯ ಇಂಜಿನಿಯರು ಉಪ್ಪು ಎರಚಿಸುತ್ತಿದ್ದನಂತೆ, ಅರ್ಧ ಗಂಟೆಯಲ್ಲಿ ನೀರು. ಭಾರ ಭಾರ ಎಂದು ಅಳುತ್ತಾರಲ್ಲ, ಭಾರವನ್ನೇ ಕರಗಿಸಿಬಿಡೋಣ ಎಂದ. ಅಯ್ಯಪ್ಪನ ಅಂಗಡಿ ಬಡಿದು ತೆಗೆಸಿದರು. ಎರಡು ಚೀಲ ದಪ್ಪ ಉಪ್ಪು ಬಂತು. ಎರಡು ಆಳು ಎರಡು ಕಡೆ ಏಣಿ ಇಟ್ಟು ಹತ್ತಿದರು.

ಉಪ್ಪಿನ ಚೀಲ ಕಂಡದ್ದೇ ಗುರುದೇವಿ ಏಣಿಯ ಬುಡಕ್ಕೆ ಓಡಿದಳು. ಹಾಸುಗಲ್ಲಿನ ಮೇಲೆ ಜಾರಿ ಮೊಣಕಾಲೂರಿ ಬಿದ್ದಳು, ಎದ್ದಳು.

“ಬ್ಯಾಡ್ರೋ! ಮೆಟ್ಟಿಲ ಮ್ಯಾಗಿನ ನೀರು ಗಟಾರಕ್ಕ ಹೋಗ್ತದ. ಇಲ್ಲಿ ಎಲ್ಲಿ ಹೋಗಬೇಕು? ಮೂರು ದೋಣಿ ಬಾಯಿ ಕಟ್ಟ್ಯಾವ! ಗಡ್ಡಿ ಇದ್ದಾಗ ಮ್ಯಾಗ ಕುಂದ್ರ್ತದ, ನೀರು ಮಾಡಿದ್ರ ಒಳಗ ಇಳಿತದ!”

ಆಳುಗಳು ಕೈ ತಡೆದು ಕೆಳಗೆ ನೋಡಿದರು. ಇಬ್ಬರೂ ಊರಿನವರೇ, ಮಣ್ಣಿನ ಮಾಳಿಗೆಯ ಕೆಳಗೇ ಹುಟ್ಟಿದವರು. ಅವರಿಗೆ ತಿಳಿಯುವುದಿಲ್ಲವೇ? ತಿಳಿದಿತ್ತು. ಸಾಹೇಬ ಕೈ ಬೀಸಿದ. ಅವರು ಉಪ್ಪು ಎರಚಿದರು. ಬಿತ್ತುವವರಂತೆ, ಮುಷ್ಟಿ ಮುಷ್ಟಿ.

“ಜಿಲಾನಿ, ಬೀಗ ಒಡಿ.”

ಜಿಲಾನಿ ಕಟ್ಟನ್ನು ಮಾಸ್ತರನ ಕೈಗೆ ಕೊಟ್ಟು, ಕಮ್ಮಾರನ ಮನೆಯಿಂದ ತಂದ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದ. ಗುರುದೇವಿ ಮೊದಲೇ ಅಲ್ಲಿ ಬಂದು ನಿಂತಿದ್ದಳು.

“ಆಪಾ, ಕೀಲಿಕೈ ಕೊಟ್ಟುಬಿಡು,” ಅವನು ಅಕ್ಕನಿಗೆ ಹೇಳುವಂತೆ, ತುಟಿ ಅಲುಗಿಸದೆ ಹೇಳಿದ. “ನಿಜಾಮ ಹೋದ ಮ್ಯಾಗ ನಮ್ಮೋರು ಎಷ್ಟು ಮಂದಿ ನೌಕರಿ ಹೋಗಿ ಮನ್ಯಾಗ ಕುಂತಾರ, ನಿನಗ ಗೊತ್ತದ. ನಂದು ಒಂದು ದಾರದ ಮ್ಯಾಗ ನಿಂತದ.”

“ನೀ ಒಡಿ, ಜಿಲಾನಿ. ನಿನಗ ಬೈಯಂಗಿಲ್ಲ ನಾ. ಆದ್ರ ನನ್ನ ಕೈಲಿಂದ ತೆರೀಂಗಿಲ್ಲ.”

“ಆ ಹುಡುಗೇರದಾಗ ನಿಂದು ಯಾವಕಿ?”

“ಹನ್ನೊಂದೂ ನನ್ನವೇ. ಸಂಜೀಕ ಎಣಿಸಿ ಮನಿ ಮುಟ್ಟಿಸೋಕಿ ನಾ.”

ಜಿಲಾನಿ ಸುತ್ತಿಗೆ ಎತ್ತಿದ. ಠಣ್ ಎಂದಿತು. ಇನ್ನೊಮ್ಮೆ. ಮತ್ತೊಮ್ಮೆ. ಮೂರನೆಯ ಏಟಿಗೆ ಗುರುದೇವಿಗೆ ತಿಳಿಯಿತು, ಸುತ್ತಿಗೆ ಕೀಲಿಗೆ ಬೀಳುತ್ತಿಲ್ಲ. ಪಕ್ಕದ ಕಲ್ಲಿನ ಚೌಕಟ್ಟಿಗೆ ಬೀಳುತ್ತಿದೆ. ಅವನು ಮೈಯೆಲ್ಲ ಬಾಗಿಸಿ, ಹುಂ ಹುಂ ಎಂದು ಉಸಿರು ಬಿಡುತ್ತ, ಹಣೆಯ ಬೆವರು ಒರೆಸಿದಂತೆ ಮಾಡುತ್ತ ಕಲ್ಲನ್ನೇ ಬಡಿಯುತ್ತಿದ್ದ.

“ಇನ್ನೂ ಆಗಿಲ್ವೇನೋ?”

“ಅಲಿಗಢದ ಕೀಲಿ ಸಾಬ್. ಭಾಳ ಜಿದ್ದಿ ಅದ.”

ಸಾಹೇಬ ಗಡಿಯಾರ ನೋಡಿದ. ಹತ್ತು ಆಗಿ ಹತ್ತು ನಿಮಿಷ. ಮಾಳಿಗೆಯ ಮೇಲಿನ ಬಿಳುಪು ಬೂದಿಯಾಗಿ, ಬೂದಿ ಗಂಜಿಯಾಗಿತ್ತು. ಬಿಡಿಸಿದ್ದ ಒಂದು ದೋಣಿಯಿಂದ ಹೆಬ್ಬೆರಳು ದಪ್ಪದ ನೀರು ಬೀಳುತ್ತಿತ್ತು, ಉಳಿದ ಮೂರರಿಂದ ಹನಿಯೂ ಇಲ್ಲ. “ನೋಡಿದ್ರಾ?” ಸಾಹೇಬ ಮಾಸ್ತರನಿಗೆ ಹೇಳಿದ. “ಎಷ್ಟು ಬೇಗ ಕರಗ್ತು! ಇದನ್ನ ನಿಮ್ಮೂರಲ್ಲಿ ಒಬ್ಬನಿಗಾದ್ರೂ ಹೊಳೀತಾ?”

“ಇಲ್ರಿ ಸಾಹೇಬ್ರ,” ಎಂದ ಬಸವಂತರಾಯ. ಹಾಳಾಗಿ ಹೋಗಲಿ ಆ ನಾಲಿಗೆ.

ಹದಿನೆಂಟನೆಯ ಏಟಿಗೆ ಜಿಲಾನಿ ಸುತ್ತಿಗೆ ಕೆಳಗಿಟ್ಟ. ಬಾಗಿಲಿನ ಆಚೆ ಯಾರೋ ಹಲಗೆ ಎಳೆದಂತೆ ಸದ್ದಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ದೊಪ್ಪೆಂದು ಒಂದು ಮುದ್ದೆ ಬಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೊಂದು ಬಿತ್ತು.

“ಇಳೀರೋ!” ಗುರುದೇವಿ ಏಣಿಯವರಿಗೆ ಕೂಗಿದಳು.

ಆಮೇಲೆ ಎಲ್ಲವೂ ಬಂತು. ತೊಲೆ ಮುರಿದ ಸದ್ದು ಊರ ಆಚೆಯ ಹಳ್ಳದತನಕ ಕೇಳಿಸಿತಂತೆ. ಸಾಮಾನ್ಯವಾಗಿ ಮಾಳಿಗೆ ಬಿದ್ದರೆ ಧೂಳು ಎದ್ದು ಅರ್ಧ ಊರು ಕಾಣದಂತಾಗುತ್ತದೆ. ಆ ದಿನ ಒಂದು ಚಿಟಿಕೆ ಧೂಳು ಏಳಲಿಲ್ಲ. ನಾಲ್ಕು ಗೋಡೆ ಇದ್ದಲ್ಲೇ ನಿಂತವು, ನಡುವೆ ಇದ್ದದ್ದು ಇಲ್ಲವಾಯಿತು. ಕದಗಳ ಕೆಳಗಿನ ಸಂದಿಯಿಂದ ಕೆಸರು ನೀರು ಹರಿದು ಬಂದು ಗುರುದೇವಿಯ ಕಾಲು ತೋಯಿಸಿತು. ಜಾರಿ ಬಿದ್ದಾಗ ತರಚಿದ್ದ ಕಾಲ್ಬೆರಳಿಗೆ ಆ ನೀರು ತಾಗಿ ಚುರ್ ಎಂದಿತು. ಉಪ್ಪು.

 ಮಹಾದೇವಮ್ಮ ಮಗಳನ್ನು ಎಳೆದು ಹೊಟ್ಟೆಗೆ ಅವುಚಿಕೊಂಡಳು. ಗುರುದೇವಿ ಬೆರಳು ಮಾಡಿ ಹುಡುಗಿಯರನ್ನು ಎಣಿಸಿದಳು. ಹನ್ನೊಂದು. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದಳು.

ಉಪ್ಪು ಹಾಕದಿದ್ದರೆ ಬೀಳುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹೇಳಲು ಬರುವುದಿಲ್ಲ. ಬಿಸಿಲೇರಿದ ಮೇಲೆ ಬೀಳುತ್ತಿತ್ತೋ ಏನೋ, ಹುಡುಗಿಯರು ತಲೆ ಬಾಗಿಸಿ ಎರಡನೆಯ ಪ್ರಶ್ನೆಗೆ ಉತ್ತರ ಬರೆಯುವ ಹೊತ್ತಿಗೆ. ಲೆಕ್ಕ ಹಾಕಿಕೊಳ್ಳಿ.

ಸಾಹೇಬ ಬಿಳಿಚಿಕೊಂಡಿದ್ದ. ಕೋಟಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ. ಗಡಿಯಾರ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಮಾಸ್ತರನಿಗೆ ಹೇಳಿದ, “ಹುಡುಗೀರ್ನ ಆ ಹುಣಸೆ ಮರದ ಕೆಳಗೆ ಕೂರಿಸಿ.”

ಹೌದು. ಹುಣಸೆ ಮರದ ಕೆಳಗೆ. ಅದೇ ಮರ, ಅದೇ ಬುಡ.

ಚಾಪೆಗಳೆಲ್ಲ ಒಳಗೆ ಮಣ್ಣಿನ ಕೆಳಗೆ ಇದ್ದವು. ಗುರುದೇವಿ ಅಯ್ಯಪ್ಪನ ಅಂಗಡಿಯ ತಟ್ಟುಗಳನ್ನೇ ತಂದಳು. ಅದರಲ್ಲಿ ಆಗತಾನೇ ಬರಿದಾದ ಉಪ್ಪಿನ ಚೀಲಗಳೂ ಎರಡು. ಮರದ ಕೆಳಗೆ ಆಣೆಕಲ್ಲಿನ ಏಟಿಗೆ ಸತ್ತು ಬಿದ್ದಿದ್ದ ಗಿಳಿಗಳನ್ನು ಆರಿಸಿ ಆಚೆ ಹಾಕಿ, ತಟ್ಟು ಹಾಸಿ, ಹುಡುಗಿಯರನ್ನು ಕೂಡಿಸಿದಳು. ಹತ್ತೂ ಐವತ್ತಕ್ಕೆ ಕಟ್ಟು ಬಿಚ್ಚಿತು. ಮಸಿ ಚಳಿಗೆ ಗಟ್ಟಿಯಾಗಿ ಲೆಕ್ಕಣಿಕೆಗೆ ಹತ್ತುತ್ತಿರಲಿಲ್ಲ. ಗುರುದೇವಿ ಒಂದೊಂದೇ ಕುಡಿಕೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಕೊಡುತ್ತ ಸಾಲಿನ ನಡುವೆ ಓಡಾಡಿದಳು. ಕೊಂಬೆಯಿಂದ ಹನಿ ಬಿದ್ದರೆ ಕಾಗದಕ್ಕೆ ಸೆರಗು ಹಿಡಿದಳು. ಎಲ್ಲರೂ ಬರೆದರು. ಒಂಬತ್ತು ಜನ ಪಾಸಾದರು. ಅದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಮಧ್ಯೆ ಬಾಯಿ ಹಾಕುತ್ತೀರಿ.

ಮಧ್ಯಾಹ್ನ ಅದೇ ಮರದ ಕೆಳಗೆ ಮೇಜು ಹಾಕಿಸಿ ಸಾಹೇಬ ವರದಿ ಬರೆದ. ಪಾಟೀಲ ಬಂದ, ಅಯ್ಯಪ್ಪ ಬಂದ, ಹುಡುಗಿಯರ ಅಪ್ಪಂದಿರು ಬಂದರು. ಎಲ್ಲರೂ ಸಹಿ ಹಾಕಿದರು. ಕಡೆಗೆ ಮಸಿ ಹಚ್ಚುವ ಪೆಟ್ಟಿಗೆಯನ್ನು ಗುರುದೇವಿಯ ಮುಂದೆ ಸರಿಸಿದರು.

“ಏನ್ ಬರದಾರ, ಓದ್ರಿ ಮಾಸ್ತರ್ರಿ.”

ಬಸವಂತರಾಯ ಓದಿದ. ಅಲ್ಪ ಪ್ರಮಾಣದ ಆಲಿಕಲ್ಲು ಬಿದ್ದಿದೆ. ಶಾಲೆಯ ಆಯಾ ಮಾಳಿಗೆಯನ್ನು ಸರಿಯಾಗಿ ನೋಡಿಕೊಂಡಿರುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ್ದಾಳೆ. ಆ ಗಲಾಟೆಯಲ್ಲಿ ಮಾಳಿಗೆ ತೆರವು ಮಾಡುವುದು ತಡವಾಗಿ ಕುಸಿದಿದೆ. ಪರೀಕ್ಷಾಧಿಕಾರಿಗಳು ಸಮಯಪ್ರಜ್ಞೆಯಿಂದ ವಿದ್ಯಾರ್ಥಿನಿಯರನ್ನು ಮರದ ಕೆಳಗೆ ಕೂರಿಸಿ ಪರೀಕ್ಷೆ ನಡೆಸಿದ್ದಾರೆ.

“ಉಪ್ಪು ಎಲ್ಲದ್ರಿ?”

ಬಸವಂತರಾಯ ಕಾಗದ ತಿರುವಿ ನೋಡಿದ, ಹಿಂದುಗಡೆ ಇರಬಹುದೇನೋ ಎಂಬಂತೆ. “ಉಪ್ಪಿಂದು ಬರದಿಲ್ಲವಾ.”

“ಉಪ್ಪು ಬರೀರಿ. ಆಮ್ಯಾಗ ಹೆಬ್ಬಟ್ಟು ಒತ್ತೀನಿ.”

“ಅದೆಲ್ಲ ಬೇಕಾಗಿಲ್ಲ,” ಸಾಹೇಬ ಮರಕ್ಕೆ ಹೇಳಿದಂತೆ ಹೇಳಿದ.

“ನಾ ನೋಡೀನಿ ಉಪ್ಪು!” ಹಿಂದಿನಿಂದ ಮಹಾದೇವಮ್ಮ ಮುಂದೆ ನುಗ್ಗಿದಳು. “ನನ್ನ ಹೆಬ್ಬಟ್ಟು ತಗೋರಿ. ಎರಡು ಚೀಲ ಉಪ್ಪು ಅಂತ ಬರೀರಿ. ಬೇಕಿದ್ರ ಎರಡೂ ಕೈದು ಒತ್ತೀನಿ!” ಅವಳ ಗಂಡ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. “ಹೆಂಗಸರದು ಇಲ್ಲೇನದ, ನಡಿ ಮನಿಗಿ.” ಅವನ ಮಗಳು ಬೆಳಗ್ಗೆ ಆ ಬಾಗಿಲಿನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಅವನ ಸಹಿ ಆ ಕಾಗದದ ಮೇಲೆ ಐದನೆಯದು. ಉಪ್ಪು ಮಾರಿದ ಅಯ್ಯಪ್ಪನದು ಮೂರನೆಯದು. ಎರಚಿದ ಇಬ್ಬರದೂ ಹೆಬ್ಬೆಟ್ಟು ಇದೆ. ಜಿಲಾನಿಯೂ ಉರ್ದುವಿನಲ್ಲಿ ಹೆಸರು ಬರೆದ, ಗುರುದೇವಿಯ ಕಡೆ ನೋಡದೆ.

ಗುರುದೇವಿ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತಿದ್ದರೆ ಬರೀ ತಾಕೀತು ಮಾಡಿ ಬಿಡುತ್ತಿದ್ದರಂತೆ. ಬಸವಂತರಾಯ ಸಂಜೆ ಮನೆತನಕ ಬಂದು ಪಿಸುಗುಟ್ಟಿ ಹೇಳಿದ. ಹಟ ಮಾಡಿದ್ದಕ್ಕೆ ನೌಕರಿ ಹೋಯಿತು, ಅದೇ ದಿನ. ಆಕೆ ಕಲ್ಲಿನ ಮೇಲೆ ಜೋಳದ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ.

“ಹುಡುಗೇರ್ನ ಎಲ್ಲಾ ಮನಿ ಮುಟ್ಟಿಸೀನ್ರಿ,” ಎಂದಳು. “ಹನ್ನೊಂದೂ. ಅದು ಬರಕೊಳ್ರಿ ಬೇಕಿದ್ರ.”

ಮರುದಿನ ಮುಂಜಾನೆ ಕಾಲು ತಾವೇ ಆಕೆಯನ್ನು ಸಾಲಿಗೆ ತಂದವು. ಬಿಸಿಲು ಎಂದಿನಂತೆ ಬಂದಿತ್ತು, ಊರಿನಲ್ಲಿ ಎಲ್ಲಿಯೂ ಒಂದು ಹರಳು ಆಣೆಕಲ್ಲು ಉಳಿದಿರಲಿಲ್ಲ. ಗೋಡೆಗಳ ನಡುವೆ ಬಾಗಿಲು ಗಟ್ಟಿಯಾಗಿ ನಿಂತಿತ್ತು. ಕೀಲಿಗೆ ಒಂದು ಗೀರು ಬಿದ್ದಿರಲಿಲ್ಲ. ಪಕ್ಕದ ಕಲ್ಲಿನ ಚೌಕಟ್ಟಿನಲ್ಲಿ ಹದಿನೆಂಟು ಬಿಳಿ ಗುಂಡಿ. ಗುರುದೇವಿ ಸಂಚಿಯಿಂದ ಕೀಲಿಕೈ ತೆಗೆದು, ಹನ್ನೆರಡು ವರ್ಷ ತೆಗೆದಂತೆಯೇ ಕೀಲಿ ತೆಗೆದಳು. ಕದ ದೂಡಿದಳು. ಆಚೆಯಿಂದ ಮಣ್ಣು ಒತ್ತಿತ್ತು, ಕದ ಅಲುಗಲಿಲ್ಲ. ಕೀಲಿಕೈಯನ್ನು ಕೀಲಿಯಲ್ಲೇ ಬಿಟ್ಟು, ರಾತ್ರಿ ಕುಸಿದಿದ್ದ ಗೋಡೆಯ ಒಂದು ಮೂಲೆಯಿಂದ ಒಳಗೆ ನೋಡಿದಳು. ಹಸಿ ಮಣ್ಣು ಒಣಗುತ್ತ ಮೇಲೆಲ್ಲ ಉಪ್ಪು ಬಿಳಿಯಾಗಿ ಹೊಮ್ಮಿತ್ತು. ಯಾರದೋ ಏಳೆಂಟು ಆಡುಗಳು ಆ ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತು, ತಲೆ ತಗ್ಗಿಸಿ, ಅವಸರವಿಲ್ಲದೆ ನೆಕ್ಕುತ್ತಿದ್ದವು.

ಇಷ್ಟೇ. ಕಾಗದ ಓದಿದವರು ಕಾಗದದ ಮಾತು ಹೇಳುತ್ತಾರೆ. ನೀವು ಇದನ್ನು ಹೇಳಿ, ನಿಮ್ಮ ಮಕ್ಕಳಿಗೂ ಹೇಳಿ. ಹೇಳುವಾಗ ನಾಲ್ಕು ಬೆರಳನ್ನು ಐದು ಮಾಡಬೇಡಿ. ಆಡುಗಳನ್ನು ಮಾತ್ರ ಬಿಡಬೇಡಿ.